ಹತ್ತು ಕಾಲಿನ ಹಕ್ಕಿ

"ಗುರುಗಳೇ, ಹತ್ತು ಭಾಷೆ ಆಡುವ ಊರಿನಲ್ಲಿ ನಮ್ಮ ಹಿರಿಯರು ಕೊಟ್ಟದ್ದನ್ನು ಕೆಡದಂತೆ ಉಳಿಸಿಕೊಳ್ಳುವುದು ಹೇಗೆ?"

ಕೇಳಿದವನು ಕಲ್ಲಯ್ಯ ಎಂಬ ಶಿಷ್ಯ. ಅಂದು ಬೆಳಿಗ್ಗೆಯಷ್ಟೇ ಅವನು ಪೇಟೆಯಿಂದ ಮಠಕ್ಕೆ ಮರಳಿದ್ದ. ತನ್ನ ಕೇರಿಯ ಮಕ್ಕಳು ಮನೆಮಾತನ್ನು ಮರೆಯುತ್ತಿರುವುದನ್ನು ಕಂಡು ಅವನ ಮನಸ್ಸು ಮುದುಡಿತ್ತು.

"ಬಾಗಿಲು ಹಾಕಿಕೊಂಡರೆ ಒಳಗಿನದು ಮುಗ್ಗುತ್ತದೆ. ತೆರೆದಿಟ್ಟರೆ ಹೊರಗಿನದು ನುಗ್ಗುತ್ತದೆ. ನನಗೆ ದಾರಿಯೇ ಕಾಣುತ್ತಿಲ್ಲ," ಎಂದ.

ಗುರುಗಳು ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ರಾಶಿಯಲ್ಲಿ ಅರ್ಧವನ್ನು ಶಿಷ್ಯನ ಮುಂದಕ್ಕೆ ತಳ್ಳಿ, "ಕೈ ಕೆಲಸ ಮಾಡಲಿ, ಕಿವಿ ಇಲ್ಲಿರಲಿ," ಎಂದು ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ನೇಕಾರನಿದ್ದ.

ಆ ಪಟ್ಟಣಕ್ಕೆ ಏಳು ಬಾಗಿಲು. ಒಂದೊಂದು ಬಾಗಿಲಿನಿಂದ ಒಂದೊಂದು ಸೀಮೆಯ ಜನ ಬಂದು ನೆಲೆ ನಿಂತಿದ್ದರು. ಅತ್ತರು ಮಾಡುವವರದು ಒಂದು ಕೇರಿ, ಕಂಚುಗಾರರದು ಒಂದು, ಕಲ್ಲು ಕೆಲಸದವರದು ಇನ್ನೊಂದು. ಒಂದು ಕೇರಿಯ ಮನೆಮಾತು ಮತ್ತೊಂದು ಕೇರಿಗೆ ತಿಳಿಯದು. ಸಂತೆಯಲ್ಲಿ ಮಾತ್ರ ಎಲ್ಲರೂ ಕನ್ನಡವನ್ನೇ ಆಡುತ್ತಿದ್ದರು, ಒಬ್ಬೊಬ್ಬರು ಒಂದೊಂದು ರಾಗದಲ್ಲಿ.

ನೇಕಾರನ ಮುತ್ತಜ್ಜ ದೂರದ ಸೀಮೆಯಿಂದ ಮಗ್ಗವನ್ನು ಬಿಚ್ಚಿ, ಎತ್ತಿನ ಗಾಡಿಗೆ ಹೇರಿಕೊಂಡು ಬಂದವನು. ಅವನದೂ ಸೇರಿ ಹದಿಮೂರು ಮನೆಗಳು ಬಂದವು. ಒಂದು ಹಕ್ಕಿಯೂ ಬಂತು. ಅದು ಸೀರೆಯ ಸೆರಗಿನಲ್ಲಿದ್ದ ಹಕ್ಕಿ. ಅದಕ್ಕೆ ಹತ್ತು ಕಾಲು.

ಹತ್ತು ಏಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅಪ್ಪ ನೇದದ್ದನ್ನು ಮಗ ನೇಯುತ್ತಿದ್ದ. ಮಗ ನೇದದ್ದನ್ನು ಮೊಮ್ಮಗ ನೋಡಿ ಕಲಿಯುತ್ತಿದ್ದ. ಆ ಕುಲದಲ್ಲಿ ಒಂದು ಕಟ್ಟುಪಾಡಿತ್ತು. ಹೆಣ್ಣು ಹಸೆಮಣೆ ಏರುವಾಗ ಆ ಹಕ್ಕಿಯ ಸೀರೆಯನ್ನೇ ಉಡಬೇಕು, ಅದನ್ನು ಅವಳ ತಂದೆಯೇ ನೇದಿರಬೇಕು.

ಆದರೆ ಪಟ್ಟಣದಲ್ಲಿ ಆ ಹಕ್ಕಿ ನಗೆಪಾಟಲಾಯಿತು. ಒಮ್ಮೆ ಒಬ್ಬ ವ್ಯಾಪಾರಿ ಸೆರಗನ್ನು ಬೆಳಕಿಗೆ ಹಿಡಿದು ನೋಡಿ, "ಜರಿಯಲ್ಲಿ ಜರಿಹುಳುವನ್ನೇ ನೇದಿದ್ದೀರಲ್ಲಯ್ಯ! ಯಾವ ಹಕ್ಕಿಗೆ ಹತ್ತು ಕಾಲು? ಎರಡು ಸಾಕು, ಉಳಿದದ್ದನ್ನು ತೆಗೆದುಹಾಕಿ," ಎಂದ. ಕೇರಿಯ ಹುಡುಗರಿಗೂ ಅದು ಹೌದೆನಿಸಿತು. ಒಂದೊಂದೇ ಮನೆ ಹಕ್ಕಿಯ ಕಾಲು ಕಡಿಮೆ ಮಾಡಿತು. ಹನ್ನೆರಡು ಮಗ್ಗಗಳಲ್ಲಿ ಹಕ್ಕಿ ಎರಡು ಕಾಲಿನ ಮೇಲೆ ನಿಂತಿತು. ಹದಿಮೂರನೆಯದು ಈ ನೇಕಾರನ ಮಗ್ಗ. ಅವನೊಬ್ಬ ಬಗ್ಗಲಿಲ್ಲ.

"ನಮ್ಮ ಮುತ್ತಜ್ಜನಿಗೆ ಎಣಿಸಲು ಬರುತ್ತಿರಲಿಲ್ಲವೇ?" ಎನ್ನುತ್ತಿದ್ದ. ಅವನ ಬಳಿ ಇದ್ದ ಉತ್ತರ ಅದೊಂದೇ. ಬೇರೆ ಕೇರಿಯವರು ಯಾರಾದರೂ ಮನೆಗೆ ಬಂದರೆ ಮಗ್ಗದ ಮೇಲೆ ಬಟ್ಟೆ ಹೊದಿಸುತ್ತಿದ್ದ. ಕಣ್ಣು ಬಿದ್ದೀತು, ಇಲ್ಲವೇ ನಕ್ಕಾರು ಎಂಬ ಅಂಜಿಕೆ.

ಅವನು ಹಾಗೆ ಗಟ್ಟಿಯಾಗಿ ನಿಂತದ್ದು ಹೆಂಡತಿಯ ಬಲದಿಂದ. ಅವನು ನೇಯುವಾಗ ಅವಳು ಮಗ್ಗದ ಪಕ್ಕ ಕುಳಿತು ಎಳೆಯ ಲೆಕ್ಕ ಹೇಳುತ್ತಿದ್ದಳು. ಮೂರು ಎತ್ತು, ಒಂದು ಬಿಡು. ಎರಡು ಎತ್ತು, ಐದು ಬಿಡು. ಅದನ್ನು ಅವಳು ಮನೆಮಾತಿನಲ್ಲಿ, ಜೋಗುಳದ ಧಾಟಿಯಲ್ಲಿ ಹೇಳುತ್ತಿದ್ದಳು. ಲಾಳಿ ಅವನ ಕೈಯಲ್ಲಿ, ಲೆಕ್ಕ ಅವಳ ಬಾಯಲ್ಲಿ. ಇಬ್ಬರೂ ಕೂತರೆ ಹಕ್ಕಿ ಏಳುತ್ತಿತ್ತು. ಒಬ್ಬರೇ ಕೂತರೆ ಏಳುತ್ತಿರಲಿಲ್ಲ.

ಯುಗಾದಿ ಕಳೆದ ಎಂಟನೆಯ ದಿನ ಅವಳು ಜ್ವರದಿಂದ ತೀರಿಕೊಂಡಳು.

ಅವರಿಗೆ ಒಬ್ಬಳೇ ಮಗಳು, ಚಂಪವ್ವ. ಅವಳ ಮದುವೆ ಆಗಲೇ ಗೊತ್ತಾಗಿತ್ತು. ಮಾಘದಲ್ಲಿ ಲಗ್ನ. ಸೂತಕ ಕಳೆದ ಮೇಲೆ ನೇಕಾರ ಮದುವೆಯ ಸೀರೆಗೆಂದು ಮಗ್ಗಕ್ಕೆ ಹಾಸಿನ ಎಳೆ ಹೂಡಿದ. ಹಕ್ಕಿಯ ಹೊಟ್ಟೆಯವರೆಗೆ ಹಳೆಯ ಸೀರೆಯನ್ನು ನೋಡಿಕೊಂಡು ಹೇಗೋ ನೇದ. ಕಾಲು ಬರುವ ಕಡೆ ಕೈ ನಿಂತಿತು. ಪಕ್ಕಕ್ಕೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ.

ಅವನು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಿಂದ ಎದ್ದವನು ಮತ್ತೆ ಇಳಿಯಲಿಲ್ಲ. ಊಟ ಸೇರಲಿಲ್ಲ. ನಿದ್ದೆ ಹತ್ತಿರ ಸುಳಿಯಲಿಲ್ಲ. ಗೋಡೆಗೆ ಒರಗಿ ಆ ಅರ್ಧ ಹಕ್ಕಿಯನ್ನು ನೋಡುತ್ತ ಕೂರುತ್ತಿದ್ದ. ಮೊದಲು ದುಃಖವಿತ್ತು. ಆಮೇಲೆ ಅದರೊಳಗೆ ಒಂದು ಸಂಶಯ ಹುಟ್ಟಿತು. ಹತ್ತು ಕಾಲಿನ ಹಕ್ಕಿ ಈ ಲೋಕದಲ್ಲಿ ಇಲ್ಲವೇ ಇಲ್ಲ. ಇಲ್ಲದ್ದನ್ನು ನೇಯುತ್ತ ನನ್ನ ಆಯುಷ್ಯ ಕಳೆದೆ, ಅವಳ ಆಯುಷ್ಯವನ್ನೂ ಕಳೆಸಿದೆ.

ಕೇರಿಯ ಯಜಮಾನ ಬಂದು ಸಮಾಧಾನ ಹೇಳಿದ. "ಎರಡು ಕಾಲಿನದನ್ನೇ ಉಡಿಸಿದರಾಯಿತು ತಮ್ಮಾ. ಬೀಗರೂ ಒಪ್ಪಿದ್ದಾರೆ. ಈ ಕಾಲದಲ್ಲಿ ಯಾರು ಎಣಿಸುತ್ತಾರೆ?"

ಚಂಪವ್ವನೂ ಊಟದ ತಟ್ಟೆ ತಂದಿಟ್ಟು, ಬಾಗಿಲ ಬಳಿ ನಿಂತು, "ನನಗೆ ಯಾವ ಸೀರೆಯಾದರೂ ಆದೀತು ಅಪ್ಪಾ. ನೀನು ಎದ್ದು ಒಂದು ತುತ್ತು ಉಣ್ಣು," ಎಂದಳು.

ನೇಕಾರ ಸಿಡಿದೆದ್ದ. "ಯಾವುದಾದರೂ ಆದೀತೇ? ನಿನ್ನ ಅವ್ವ ಸತ್ತಳು. ಅವಳ ಹಕ್ಕಿಯನ್ನೂ ಕೊಂದುಬಿಡು, ಅಲ್ಲಿಗೆ ಎಲ್ಲ ಮುಗಿಯುತ್ತದೆ!"

ಚಂಪವ್ವ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ಅಪ್ಪ ಮಗಳ ನಡುವೆ ಬೇಕಾದಷ್ಟೇ ಮಾತು.

ಆದರೂ ಅವಳು ಸುಮ್ಮನಿರಲಿಲ್ಲ. ಮೂರನೆಯ ಬಾಗಿಲ ಬಳಿ ಮಲಯಾಳದ ಕಡೆಯ ಒಬ್ಬ ವೈದ್ಯನಿದ್ದ. ಆಷಾಢದ ಒಂದು ಬೆಳಿಗ್ಗೆ ಅಪ್ಪನ ಕೈ ಹಿಡಿದು ಅಲ್ಲಿಗೆ ಕರೆದೊಯ್ದಳು. ವೈದ್ಯ ನಾಡಿ ನೋಡಿದ, ಕಣ್ಣಿನ ರೆಪ್ಪೆ ಎತ್ತಿ ನೋಡಿದ.

"ನಿನಗೆ ಕೊಡುವಂಥ ಕಷಾಯ ನನ್ನಲ್ಲಿಲ್ಲ. ದಿನಾ ಬೆಳಿಗ್ಗೆ ದೊಡ್ಡ ಕೆರೆಯ ಏರಿಯ ಮೇಲೆ ಹೋಗಿ ಕೂತು ಬಾ. ಏನೂ ಮಾಡಬೇಡ. ನೋಡು."

"ಏನನ್ನು ನೋಡಲಿ?"

"ಕಂಡದ್ದನ್ನು."

ನೇಕಾರನಿಗೆ ಇದು ಹುಚ್ಚು ವೈದ್ಯ ಎನಿಸಿತು. ಆದರೆ ಮನೆಯಲ್ಲಿ ಆ ಮಗ್ಗದ ಎದುರು ಕೂರುವುದಕ್ಕಿಂತ ಎಲ್ಲಾದರೂ ಕೂರುವುದು ವಾಸಿ ಎಂದುಕೊಂಡು ಹೋದ.

ಕೆರೆ ಏಳನೆಯ ಬಾಗಿಲ ಆಚೆಗಿತ್ತು. ಪ್ರತಿ ಬೇಸಿಗೆಯಲ್ಲೂ ಕೇರಿ ಕೇರಿಯಿಂದ ಆಳುಗಳು ಬಂದು ಅದರ ಹೂಳೆತ್ತುತ್ತಿದ್ದರು. ಅವನು ಹುಟ್ಟಿದ್ದು ಆ ಪಟ್ಟಣದಲ್ಲೇ. ಆದರೂ ನೂಲು ತೊಳೆಯುವ ಮೆಟ್ಟಿಲನ್ನು ಬಿಟ್ಟು ಆ ಕೆರೆಯಲ್ಲಿ ಬೇರೇನನ್ನೂ ನೋಡಿದವನಲ್ಲ. ಮೊದಲ ದಿನ ಅವನಿಗೆ ಕಂಡದ್ದು ನೀರು. ಎರಡನೆಯ ದಿನವೂ ನೀರು. ಮೂರನೆಯ ದಿನ ಆ ನೀರಿನಲ್ಲಿ ಗಾಳಿ ಹಾಸು ಹೂಡಿದ ಹಾಗೆ ಎಳೆ ಎಳೆಯಾಗಿ ಹೋಗುವುದು ಕಂಡಿತು. ವಾರ ಕಳೆಯುವಷ್ಟರಲ್ಲಿ ಯಾವ ಕೊಕ್ಕರೆ ಯಾವ ಕಲ್ಲಿನ ಮೇಲೆ ನಿಲ್ಲುತ್ತದೆ ಎಂದು ಹೇಳಬಲ್ಲವನಾದ. ಒಂದು ಕಲ್ಲಿಗೆ ಎರಡು ಕೊಕ್ಕರೆಗಳು ಜಗಳವಾಡಿದಾಗ ಅವನಿಗೆ ತಿಳಿಯದೆ ನಗು ಬಂತು. ನಕ್ಕ ಮೇಲೆ ನಾಚಿಕೆಯಾಯಿತು. ಆ ದಿನ ಮಧ್ಯಾಹ್ನ ಮನೆಗೆ ಬಂದು ಮಲಗಿದವನಿಗೆ ನಿದ್ದೆ ಬಂತು.

ದುಃಖ ಹೋಗಿರಲಿಲ್ಲ. ಆದರೆ ಅಲ್ಲಿ ಕೂತಾಗ ಅದೂ ಅವನ ಪಕ್ಕದಲ್ಲಿ ಕೂರುತ್ತಿತ್ತು, ಎದೆಯ ಮೇಲೆ ಕೂರುತ್ತಿರಲಿಲ್ಲ.

ಆ ಕೆರೆಯಲ್ಲಿ ಮೌಲಾಬಿ ಎಂಬ ಮುದುಕಿ ತಾವರೆ ಕೊಯ್ಯುತ್ತಿದ್ದಳು. ಅವಳ ಮನೆತನವೇ ತಾವರೆಯದು. ದೇವಸ್ಥಾನಕ್ಕೂ ದರ್ಗಾಕ್ಕೂ ಅವಳ ಬುಟ್ಟಿಯ ಹೂವೇ ಹೋಗಬೇಕು. ದಿನವೂ ಏರಿಯ ಮೇಲೆ ಕೂರುವ ಈ ಮನುಷ್ಯನನ್ನು ಅವಳು ಹದಿನೈದು ದಿನ ನೋಡಿದಳು. ಹದಿನಾರನೆಯ ದಿನ ತೆಪ್ಪವನ್ನು ದಡಕ್ಕೆ ತಂದು, ಒಂದು ತಾವರೆಕಾಯಿ ಮುರಿದು ಅವನ ಕೈಗಿಟ್ಟಳು. ಅವನು ಬೇರೆ ಕೇರಿಯವರ ಕೈಯಿಂದ ಏನನ್ನೂ ತಿಂದವನಲ್ಲ. ಕೈಯಲ್ಲಿ ಹಿಡಿದುಕೊಂಡೇ ಕೂತ. ಮುದುಕಿ ಎದುರು ನಿಂತು ನೋಡುತ್ತಲೇ ಇದ್ದಳು. ದಾಕ್ಷಿಣ್ಯಕ್ಕೆ ಒಂದು ಬೀಜ ಬಿಡಿಸಿ ಬಾಯಿಗೆ ಹಾಕಿಕೊಂಡ. ಸಿಹಿಯಾಗಿತ್ತು.

"ದಿನಾ ಬಂದು ಕೂತ್ಕೋತೀಯಲ್ಲ ಅಣ್ಣಾ, ಯಾರಿಗೆ ಕಾಯ್ತೀ?" ಎಂದಳು.

"ಯಾರಿಗೂ ಇಲ್ಲ. ವೈದ್ಯರು ನೋಡು ಅಂದಿದ್ದಾರೆ."

"ಹಾಗಾದ್ರೆ ಇಲ್ಲಿಂದ ಏನು ಕಾಣ್ತದೆ? ತೆಪ್ಪ ಹತ್ತು."

ಶ್ರಾವಣದ ಮಳೆ ಬಿದ್ದು ಕೆರೆ ತುಂಬಿತ್ತು. ತಾವರೆ ಎಲೆಗಳು ನೀರನ್ನು ಮುಚ್ಚಿದ್ದವು. ಮುದುಕಿ ಒಂದು ಕಡೆ ಗಳುವನ್ನು ಊರಿ ತೆಪ್ಪ ನಿಲ್ಲಿಸಿ, ಮಾತಾಡಬೇಡ ಎಂದು ತುಟಿಯ ಮೇಲೆ ಬೆರಳಿಟ್ಟಳು. ಎಲೆಗಳ ಮೇಲೆ ಒಂದು ಹಕ್ಕಿ ನಡೆಯುತ್ತಿತ್ತು. ಬೆನ್ನು ಕಂಚಿನ ಬಣ್ಣ. ಕಾಲ ಬೆರಳುಗಳು ಎಷ್ಟು ಉದ್ದವೆಂದರೆ ಎಲೆ ಮುಳುಗದು. ಅದರ ಹಿಂದೆ ನಾಲ್ಕು ಮರಿಗಳು, ಹತ್ತಿಯ ಉಂಡೆಗೆ ಕಡ್ಡಿ ಚುಚ್ಚಿದ ಹಾಗೆ.

"ತಾಯಿ," ಎಂದ ನೇಕಾರ ಮೆಲ್ಲಗೆ.

"ತಾಯಿಯಲ್ಲ, ಅಪ್ಪ," ಎಂದಳು ಮೌಲಾಬಿ. "ಈ ಜಾತಿಯಲ್ಲಿ ಹೆಣ್ಣು ಮೊಟ್ಟೆ ಇಟ್ಟು ಹೋಗ್ತದೆ. ಕಾವು ಕೂರೋದು, ಮರಿ ಸಾಕೋದು, ಎಲ್ಲಾ ಗಂಡೇ. ನಮ್ಮ ಮನೇಲಿ ಇದಕ್ಕೆ ಅಬ್ಬಾ ಹಕ್ಕಿ, ಅಂದ್ರೆ ಅಪ್ಪ ಹಕ್ಕಿ, ಅಂತೀವಿ."

ಅಷ್ಟರಲ್ಲಿ ಮೇಲೆ ಒಂದು ಗಿಡುಗ ಸುತ್ತು ಹಾಕಿತು. ಅದರ ನೆರಳು ಎಲೆಗಳ ಮೇಲೆ ಹರಿಯಿತು. ಅಪ್ಪ ಹಕ್ಕಿ ಒಂದು ಸಣ್ಣ ಕೂಗು ಹಾಕಿ, ಮಂಡಿಯೂರಿದ ಹಾಗೆ ತಗ್ಗಿ, ಎರಡೂ ರೆಕ್ಕೆಗಳನ್ನು ಸಡಿಲ ಬಿಟ್ಟಿತು. ನಾಲ್ಕೂ ಮರಿಗಳು ಓಡಿ ಬಂದು ರೆಕ್ಕೆಯೊಳಗೆ ನುಗ್ಗಿದವು, ಈ ಕಡೆ ಎರಡು, ಆ ಕಡೆ ಎರಡು. ಹಕ್ಕಿ ರೆಕ್ಕೆ ಬಿಗಿದು ಎದ್ದು ನಿಂತಿತು. ಮರಿಗಳ ಮೈ ಕಾಣಲಿಲ್ಲ, ತಲೆ ಕಾಣಲಿಲ್ಲ. ಕಾಲುಗಳು ಮಾತ್ರ ರೆಕ್ಕೆಯ ಕೆಳಗೆ ನೇತಾಡುತ್ತಿದ್ದವು.

ಹಕ್ಕಿ ಹಾಗೆಯೇ ನಡೆದು ಆಪು ಹುಲ್ಲಿನ ಮರೆ ಸೇರಿತು.

ನೇಕಾರ ಎಣಿಸಿದ. ಅಪ್ಪನವು ಎರಡು, ಮಕ್ಕಳವು ಎಂಟು.

ಅವನು ತೆಪ್ಪದಲ್ಲಿ ಕುಸಿದು ಕುಳಿತು ಅಳತೊಡಗಿದ. ಹೆಂಡತಿ ಸತ್ತಾಗಲೂ ಅವನು ಅತ್ತಿರಲಿಲ್ಲ. ಮೌಲಾಬಿ ಗಾಳಿಗೆ ತೆಪ್ಪ ಸರಿಯದಂತೆ ಗಳುವನ್ನು ಒತ್ತಿ ಹಿಡಿದು ನಿಂತಳು. ಬಹಳ ಹೊತ್ತಿನ ಮೇಲೆ ಅವನೇ ಹೇಳಿದ. "ನಮ್ಮ ಮುತ್ತಜ್ಜ ಇದನ್ನು ನೋಡಿದ್ದ, ತಾಯಿ. ಯಾವುದೋ ಕೆರೆಯಲ್ಲಿ ಹೀಗೇ ಕೂತು ನೋಡಿದ್ದ. ನಾವು ಅವನ ಸೀರೆಯನ್ನು ನೋಡಿದೆವು. ಅವನು ನೋಡಿದ್ದನ್ನು ನೋಡಲಿಲ್ಲ."

ಮುದುಕಿಗೆ ಅದು ಪೂರ್ತಿ ಅರ್ಥವಾಗಲಿಲ್ಲ. ಆದರೂ, "ಈಗ ನೋಡಿದೆಯಲ್ಲ, ಸಾಕು. ಮನೇಲಿ ಯಾರಿದ್ದಾರೆ?" ಎಂದಳು.

"ಮಗಳಿದ್ದಾಳೆ."

ಆ ಮಾತು ಬಾಯಿಂದ ಹೊರಟ ಮೇಲೆ ಅವನಿಗೆ ಒಂದು ಸಂಗತಿ ಹೊಳೆಯಿತು. ಹೆಂಡತಿ ತೀರಿಕೊಂಡ ಮೇಲೆ, ಇಷ್ಟು ತಿಂಗಳಲ್ಲಿ, ಆ ಮಗಳನ್ನು ಒಂದು ದಿನವೂ ಊಟವಾಯಿತೇ ಎಂದು ಕೇಳಿರಲಿಲ್ಲ. ಅವಳಿಗೂ ತಾಯಿ ಹೋಗಿದ್ದಾಳೆ ಎಂಬುದನ್ನೇ ಅವನು ಮರೆತಿದ್ದ.

ಅವನು ಮನೆಗೆ ಬಂದಾಗ ಚಂಪವ್ವ ಒಲೆಯ ಮುಂದಿದ್ದಳು. ಅವನು ಹೊಸ್ತಿಲಲ್ಲೇ ನಿಂತು, "ಉಂಡೆಯಾ ಮಗಳೇ?" ಎಂದ.

ಅವಳು ತಿರುಗಿ ನೋಡಿದಳು. ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವನು ಹೋಗಿ ಪಕ್ಕದಲ್ಲಿ ಕುಳಿತ. ಅಂದು ಅವನೇ ಬಡಿಸಿದ. ರೊಟ್ಟಿ ಹರಿದು ತುಪ್ಪ ಸವರಿ ಕೊಟ್ಟ. ಉಣ್ಣುತ್ತ ಉಣ್ಣುತ್ತ ಕೆರೆಯಲ್ಲಿ ಕಂಡದ್ದನ್ನೆಲ್ಲ ಹೇಳಿದ. ಹೇಳಿ ಮುಗಿಸಿ ತಲೆ ತಗ್ಗಿಸಿದ.

"ಈಗ ನನಗೆ ಹಕ್ಕಿ ಗೊತ್ತಾಯಿತು. ಏನು ಮಾಡಲಿ, ಎಳೆಯ ಲೆಕ್ಕ ನಿನ್ನ ಅವ್ವನ ಜೊತೆ ಹೋಯಿತು."

ಚಂಪವ್ವ ಕೈ ತೊಳೆದುಕೊಂಡಳು. ಮಗ್ಗದ ಮೇಲಿನ ಬಟ್ಟೆ ಸರಿಸಿದಳು. ಅವ್ವ ಕೂರುತ್ತಿದ್ದ ಜಾಗದಲ್ಲಿ ಕೂತು, ಅದೇ ಧಾಟಿಯಲ್ಲಿ, ಮನೆಮಾತಿನಲ್ಲಿ ಹೇಳಿದಳು. "ಮೂರು ಎತ್ತು, ಒಂದು ಬಿಡು. ಎರಡು ಎತ್ತು, ಐದು ಬಿಡು."

ನೇಕಾರ ದಂಗಾದ. "ನಿನಗೆ ಯಾರು ಕಲಿಸಿದರು?"

"ತೊಟ್ಟಿಲಿನಿಂದ ಇದನ್ನೇ ಕೇಳಿಲ್ಲವೇ ಅಪ್ಪಾ? ನೀನು ಒಂದು ದಿನವೂ ನನ್ನನ್ನು ಕೇಳಲಿಲ್ಲ."

ಅವನು ಗುಂಡಿಗೆ ಇಳಿದು ಲಾಳಿ ಹಿಡಿದ.

ಮರುದಿನ ಅವನು ಯಜಮಾನನನ್ನು ಕೆರೆಗೆ ಕರೆದೊಯ್ದ. ಮರಿಗಳು ದೊಡ್ಡವಾದರೆ ರೆಕ್ಕೆಯಲ್ಲಿ ಹಿಡಿಸುವುದಿಲ್ಲ, ಬೇಗ ತೋರಿಸಬೇಕು ಎಂದು ಮೌಲಾಬಿ ಎಚ್ಚರಿಸಿದ್ದಳು. ಮೊದಲ ದಿನ ಹಕ್ಕಿ ರೆಕ್ಕೆ ತೆರೆಯಲೇ ಇಲ್ಲ. ಯಜಮಾನ ಗೊಣಗಿದ. ಎರಡನೆಯ ದಿನ ಮಳೆ. ಮೂರನೆಯ ದಿನ ಸಣ್ಣ ತುಂತುರು ಬಂತು. ಅಪ್ಪ ಹಕ್ಕಿ ಕೂಗಿತು, ಮರಿಗಳು ಓಡಿ ಬಂದವು. ಯಜಮಾನ ಬೆರಳು ಮಡಿಸಿ ಎಣಿಸಿದ. ಆಮೇಲೆ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಾವು ಅದರ ಮಕ್ಕಳ ಕಾಲು ಕತ್ತರಿಸಿದೆವಲ್ಲೋ," ಎಂದ.

ಸುದ್ದಿ ಕೇರಿಯಿಂದ ಕೇರಿಗೆ ಹೋಯಿತು. ಕಂಚುಗಾರರು ಬಂದು ನೋಡಿದರು. ಅತ್ತರಿನವರು ಹೆಂಡಿರು ಮಕ್ಕಳನ್ನು ಕರೆತಂದರು. ಏರಿಯ ಮೇಲೆ ಕೂತ ಜನ ತಮ್ಮ ತಮ್ಮ ಭಾಷೆಯಲ್ಲಿ ಆ ಹಕ್ಕಿಯನ್ನು ಕರೆದರು. ಪಕ್ಕದವನು ಕರೆದ ಹೆಸರನ್ನು ಕೇಳಿ ನಕ್ಕರು, ತಾವೂ ಒಮ್ಮೆ ಹಾಗೆ ಕರೆದು ನೋಡಿದರು. ನೋಡುವಾಗ ಮಾತ್ರ ಎಲ್ಲರೂ ಬಾಯಿ ಮುಚ್ಚುತ್ತಿದ್ದರು. ಒಬ್ಬ ಕಂಚುಗಾರ ಸಂಕೋಚದಿಂದ ನೇಕಾರನ ಬಳಿ ಬಂದು, ಆ ಹಕ್ಕಿಯನ್ನು ತನ್ನ ಚೆಂಬಿನ ಮೇಲೆ ಕೆತ್ತಲೇ ಎಂದು ಕೇಳಿದ. ಮೊದಲಾಗಿದ್ದರೆ ನೇಕಾರ ಬಾಗಿಲು ಹಾಕುತ್ತಿದ್ದ. ಈಗ, "ಕೆತ್ತು. ಆದರೆ ಮೊದಲು ನಾಲ್ಕು ದಿನ ಹೋಗಿ ನೋಡು. ನನ್ನ ಸೀರೆ ನೋಡಿ ಕೆತ್ತಬೇಡ," ಎಂದ.

ಹನ್ನೆರಡು ಮಗ್ಗಗಳಲ್ಲಿ ಒಂಬತ್ತು ಮಗ್ಗದವರು ಚಂಪವ್ವನ ಬಳಿ ಬಂದು ಲೆಕ್ಕ ಕಲಿತರು. ಮೂರು ಮಗ್ಗದವರು ಎರಡು ಕಾಲನ್ನೇ ಉಳಿಸಿಕೊಂಡರು. ವ್ಯಾಪಾರಿಗೆ ಅದೇ ಬೇಕಿತ್ತು. ಯಾರೂ ಅವರ ಜೊತೆ ಜಗಳವಾಡಲಿಲ್ಲ.

ಮಾಘದಲ್ಲಿ ಚಂಪವ್ವ ಹತ್ತು ಕಾಲಿನ ಹಕ್ಕಿಯ ಸೀರೆಯುಟ್ಟು ಹಸೆಮಣೆ ಏರಿದಳು. ಆ ಕುಲದ ಮದುವೆಯಲ್ಲಿ ಹೊರಗಿನವರನ್ನು ಕೂರಿಸಿದ್ದು ಅದೇ ಮೊದಲು. ಮಲಯಾಳದ ವೈದ್ಯ ಬಂದ. ಮೌಲಾಬಿ ಒಂದು ಬುಟ್ಟಿ ತಾವರೆ ಹೊತ್ತು ಬಂದಳು. ನೇಕಾರ ಅವಳನ್ನು ಮುಂದಿನ ಸಾಲಿಗೆ ಕರೆದು ಕೂರಿಸಿದ. ಮುದುಕಿಗೆ ಹತ್ತಿರದ ನೋಟ ಮಂಜಾಗಿತ್ತು. ಮದುಮಗಳ ಸೆರಗನ್ನು ಹತ್ತಿರ ಎಳೆದುಕೊಂಡು, ಬೆರಳಿನಿಂದ ತಡವುತ್ತ ಒಂದೊಂದೇ ಕಾಲನ್ನು ಎಣಿಸಿದಳು.

"ಮಕ್ಕಳು ಪೂರ್ತಿ ಇದ್ದಾರೆ," ಎಂದು ನಕ್ಕಳು.

ಚಂಪವ್ವನೂ ನಕ್ಕಳು. ಅವಳ ತಂದೆ ಮಾತ್ರ ಕಣ್ಣೊರೆಸಿಕೊಳ್ಳಲು ಕಂಬದ ಮರೆಗೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ಕಲ್ಲಯ್ಯನ ಕೈ ಯಾವಾಗಲೋ ನಿಂತಿತ್ತು. ಅವನು ಕೇಳಿದ.

"ಗುರುಗಳೇ, ಆ ಹಕ್ಕಿಯನ್ನು ನಿಜವಾಗಿ ಕಾಪಾಡಿದವರು ಯಾರು? ಹಟ ಹಿಡಿದು ನೇದ ನೇಕಾರನೇ, ಲೆಕ್ಕ ನೆನಪಿಟ್ಟ ಮಗಳೇ, ತೆಪ್ಪ ಹತ್ತಿಸಿದ ಮೌಲಾಬಿಯೇ?"

"ವರ್ಷ ವರ್ಷವೂ ಆ ಕೆರೆಯ ಹೂಳೆತ್ತಿದವರು, ಮಗು," ಎಂದರು ಗುರುಗಳು.

ಕಲ್ಲಯ್ಯ ಮತ್ತೆ ಅವರೆಕಾಯಿ ಸುಲಿಯತೊಡಗಿದ.